ಕಂಠೆಪ್ಪನ ಗಂಟು

ಕಂಠೆಪ್ಪ ಕಟ್ಟಿದ ಗಂಟನ್ನು ಬಿಚ್ಚುವ ಗಂಡು ದಾಬೋಲಿಮ್‌ನಲ್ಲಿ ಇನ್ನೂ ಹುಟ್ಟಿಲ್ಲ ಎಂಬ ಮಾತೊಂದಿತ್ತು. ಹೆಚ್ಚಾಗಿ ಅದು ಕಂಠೆಪ್ಪನೇ ಹೇಳುವ ಮಾತು. ಆದರೂ ಸುಳ್ಳಲ್ಲ. ಹದಿನೆಂಟು ವರ್ಷದಿಂದ ಅವನು ಗೋವೆಯ ಸ್ಲ್ಯಾಬುಗಳಿಗೆ ಕಬ್ಬಿಣದ ಸರಳು ಕಟ್ಟುತ್ತಿದ್ದಾನೆ. ಎಡಗೈಯಲ್ಲಿ ಬೈಂಡಿಂಗ್ ತಂತಿ, ಬಲಗೈಯಲ್ಲಿ ಕೊಂಡಿ. ಎರಡು ಸುತ್ತು, ಒಂದು ಮಡಿಕೆ, ಮೂರು ತಿರುವು. ಉಳಿದವರು ಅಷ್ಟಕ್ಕೇ ಬಿಟ್ಟು ಮುಂದಿನ ಸರಳಿಗೆ ಹೋಗುತ್ತಾರೆ. ಕಂಠೆಪ್ಪ ಮಾತ್ರ ತಂತಿಯ ತುದಿಯನ್ನು ಒಳಕ್ಕೆ ಬಗ್ಗಿಸಿ, ಮಲಗಿದ ಬೆಕ್ಕಿನ ಬಾಲದ ಹಾಗೆ ಸುತ್ತಿ ಕೂರಿಸುತ್ತಾನೆ. ಬಾಲ ಸುತ್ತಿದ ಗಂಟು ಕಂಡರೆ ಯಾವ ಸೈಟಿನ ಮೇಸ್ತ್ರಿಯಾದರೂ ಇದು ಕಂಠೆಪ್ಪನ ಕೈ ಎಂದು ಹೇಳಿಬಿಡುತ್ತಿದ್ದ. ಸ್ಲ್ಯಾಬ್ ಬಿದ್ದರೂ ನನ್ನ ಗಂಟು ಸಡಿಲಾಗೋದಿಲ್ಲ ಎಂದು ಅವನು ಹೇಳಿಕೊಳ್ಳುವುದಿತ್ತು. ಒಮ್ಮೆ ಎಂಜಿನಿಯರ್ ಸಾಹೇಬರ ಕಿವಿಗೆ ಅದು ಬಿದ್ದು, ಸೈಟಿನಲ್ಲಿ ಸ್ಲ್ಯಾಬ್ ಬೀಳುವ ಮಾತಾಡಬೇಡ ಎಂದು ಗದರಿಸಿಕೊಂಡ ಮೇಲೆ ಆ ಮಾತನ್ನು ಮನೆಯಲ್ಲಿ ಮಾತ್ರ ಹೇಳತೊಡಗಿದ.

ಮನೆಯೆಂದರೆ ವಿಮಾನ ನಿಲ್ದಾಣದ ಹಿಂದಿನ ಗುಡ್ಡದ ಮೇಲಿರುವ ಚಾಳಿನ ಮೂರನೆಯ ಖೋಲಿ. ಕೇಳುವವಳು ಹೆಂಡತಿ ಭಾಗವ್ವ. ಸ್ಲ್ಯಾಬ್ ಬಿದ್ದ ಮೇಲೆ ಗಂಟು ಯಾರು ನೋಡ್ತಾರ್ರಿ ಎಂದು ಅವಳು ಒಂದು ಸಲವೂ ಕೇಳಿರಲಿಲ್ಲ. ಕೇಳಬೇಕೆನಿಸಿದಾಗಲೆಲ್ಲ ಒಲೆಯ ಮೇಲೆ ಏನಾದರೊಂದು ಇರುತ್ತಿತ್ತು.

ಭಾಗವ್ವ ಮತ್ತು ಪಕ್ಕದ ಖೋಲಿಯ ನೂರಜಹಾನ ಇಬ್ಬರೂ ವಿಮಾನ ನಿಲ್ದಾಣದಲ್ಲಿ ನೆಲ ಒರೆಸಿ ಪಾಯಿಖಾನೆ ತೊಳೆಯುವ ಕೆಲಸಕ್ಕಿದ್ದರು. ಇಷ್ಟು ದಿನ ಬೆಳಿಗ್ಗೆ ಆರಕ್ಕೆ ಪಾಳಿ. ಇನ್ನು ಮೂರು ತಿಂಗಳಿಗೆ, ಒಂದನೇ ತಾರೀಖಿನಿಂದ ಐದಕ್ಕೇ ಶುರು, ತಡವಾಗಿ ಬಂದವರಿಗೆ ರಾತ್ರಿ ಪಾಳಿ ಎಂದು ಸೂಪರ್‌ವೈಸರಮ್ಮ ಹೇಳಿ ಹೋದಳು. ಗುಡ್ಡದ ಕೆಳಗೆ ಮೊದಲ ಬಸ್ಸು ಬರುವುದೇ ಐದೂ ಇಪ್ಪತ್ತಕ್ಕೆ. ನಡೆದರೆ ಮುಕ್ಕಾಲು ತಾಸು, ದಾರಿಯುದ್ದಕ್ಕೂ ನಾಯಿ. ರಾತ್ರಿ ಪಾಳಿ ಒಪ್ಪಿಕೊಳ್ಳೋಣವೆಂದರೆ ಹತ್ತನೇ ಇಯತ್ತೆಯಲ್ಲಿದ್ದ ಮಗಳು ಗೀತಾಂಜಲಿಯನ್ನು ಕಂಠೆಪ್ಪನ ಅಡುಗೆಗೆ ಒಪ್ಪಿಸಿ ಹೋಗಬೇಕು. ಅವನು ಅನ್ನ ಮಾಡಿದ ದಿನ ನೂರಜಹಾನಳ ಮನೆಯ ಆಡು ಕೂಡ ಮೂಸಿ ನೋಡಿ ಮುಂದೆ ಹೋಗಿತ್ತು.

ಮನೆಯ ಮುಂದೆ ಕಾರಿತ್ತು. ಹದಿನಾರು ವರ್ಷ ಹಳೆಯ ಚಿಕ್ಕ ಬಿಳಿ ಕಾರು. ಗೋವೆಯದೇ ಕೆಪೆ ಊರಿನ ನಿವೃತ್ತ ಮಾಸ್ತರರೊಬ್ಬರು ಅದನ್ನು ಮಗುವಿನ ಹಾಗೆ ಸಾಕಿ, ಕಣ್ಣು ಮಂಜಾದ ಮೇಲೆ ಮಾರಿದ್ದರು. ಕನ್ನಡಿಗೆ ಅವರು ಕಟ್ಟಿದ್ದ ಶಿಲುಬೆಯ ಜಪಮಾಲೆಯನ್ನು ಭಾಗವ್ವ ಬಿಚ್ಚಿರಲಿಲ್ಲ. ಅದರ ಪಕ್ಕಕ್ಕೇ ಎಲ್ಲಮ್ಮನ ಬಿಲ್ಲೆಯನ್ನು ತೂಗುಹಾಕಿದ್ದಳು. ಇಬ್ಬರೂ ಜಗಳವಿಲ್ಲದೆ ಇದ್ದರು. ಕಂಠೆಪ್ಪ ಬೆಳಿಗ್ಗೆ ಏಳಕ್ಕೆ ಮೇಸ್ತ್ರಿಯ ಟೆಂಪೋದಲ್ಲಿ ಕೆಲಸಕ್ಕೆ ಹೋಗುವವನಾದ್ದರಿಂದ ಕಾರು ವಾರದಲ್ಲಿ ಆರು ದಿನ ಬಿಸಿಲು ಕಾಯುತ್ತಿತ್ತು. ನಾನೇ ಕಲಿತು ಬಿಟ್ಟರೆ ನಾಕು ಹೆಂಗಸರು ಅದರಲ್ಲೇ ಪಾಳಿಗೆ ಹೋಗಬಹುದು ಎಂದು ಭಾಗವ್ವ ಲೆಕ್ಕ ಹಾಕಿದಳು. ವಾಸ್ಕೋದ ಕ್ಲಾಸಿನಲ್ಲಿ ಇಪ್ಪತ್ತೊಂದು ದಿನ ಕಲಿತಳು. ಕಲಿಸಿದಾತ ಅವಳ ಎಡಗಾಲನ್ನು ಹೊಗಳಿದ್ದ. ಕ್ಲಚ್ಚನ್ನು ಇಷ್ಟು ಮೆತ್ತಗೆ ಬಿಡುವವರು ಕಡಿಮೆ, ಮನೆಯಲ್ಲಿ ತೊಟ್ಟಿಲು ತೂಗಿದ ಕಾಲಿರಬೇಕು ಎಂದಿದ್ದ.

ಪರೀಕ್ಷೆಗೆ ಕ್ಲಾಸಿನವರ ಕಾರೇ ಸಿಗುತ್ತಿತ್ತು. ಕಂಠೆಪ್ಪ ಬೇಡವೆಂದ. ಮನೆಯಲ್ಲಿ ಸ್ವಂತ ಕಾರಿಟ್ಟುಕೊಂಡು ಮಂದಿಯ ಕಾರಿನಲ್ಲಿ ಪರೀಕ್ಷೆ ಕೊಡುವುದೆಂದರೆ ಸ್ವಂತ ಗಂಡನನ್ನು ಬಿಟ್ಟು ಬೇರೆಯವನ ಪಕ್ಕ ನಿಂತು ಫೋಟೋ ತೆಗೆಸಿಕೊಂಡ ಹಾಗೆ ಎಂದ. ಹೋಲಿಕೆ ಎಲ್ಲಿಂದ ಎಲ್ಲಿಗೋ ಹೋಯಿತೆಂದು ಅವಳಿಗನ್ನಿಸಿದರೂ ಸ್ವಂತ ಕಾರನ್ನೇ ಒಯ್ದಳು.

ಆ ಕಾರಿಗೊಂದು ನಡುಕ ಇತ್ತು. ಓಡುವಾಗ ಏನೂ ಇಲ್ಲ, ರೇಷ್ಮೆ. ನಿಲ್ಲಿಸಿ ಎಂಜಿನ್ ಚಾಲೂ ಇಟ್ಟರೆ ಚಳಿಜ್ವರ. ಜಪಮಾಲೆ ಮತ್ತು ಎಲ್ಲಮ್ಮ ಇಬ್ಬರೂ ಕುಣಿಯುತ್ತಿದ್ದರು. ಸೀಟಿನ ಪಕ್ಕದ ನೀರಿನ ಬಾಟಲಿ ತಾನಾಗಿಯೇ ಜರುಗಿ ಕೆಳಗೆ ಬೀಳುತ್ತಿತ್ತು. ಎಂಜಿನ್ನಿನ ವೇಗ ತೋರಿಸುವ ಮುಳ್ಳು ಏರುವುದು, ಇಳಿಯುವುದು, ಒಂದು ಸಲ ಬಿಕ್ಕಳಿಸಿದಂತಾಗಿ ಬಂದ್. ಪರೀಕ್ಷೆಯ ದಿನ ಏರಿನಲ್ಲಿ ನಿಲ್ಲಿಸಿ ಮತ್ತೆ ಹೊರಡಿಸಿ ಎಂದು ಇನ್ಸ್‌ಪೆಕ್ಟರ್ ಹೇಳಿದಾಗ ಭಾಗವ್ವ ನಿಲ್ಲಿಸಿದಳು, ಎಂಜಿನ್ನೂ ನಿಂತಿತು. ಮೂರು ಸಲ. ಗೋವೆಯ ಆ ಮನುಷ್ಯ ಕೆಟ್ಟವನಲ್ಲ. ಬಾಯೀ, ಮೂರು ವಾರ ಬಿಟ್ಟು ಬನ್ನಿ ಎಂದು ಹಿಂದಿಯಲ್ಲಿ ಹೇಳಿ, ಕಾಗದದ ಮೇಲೆ ಗೀಟು ಹಾಕಿದ.

ಕಂಠೆಪ್ಪ ಓಡಿಸಿದಾಗ ಕಾರು ಎಂದೂ ಬಂದ್ ಬೀಳುತ್ತಿರಲಿಲ್ಲ. ಏಕೆಂದರೆ ಅವನು ಅದನ್ನು ಎಂದೂ ಸುಮ್ಮನೆ ನಿಲ್ಲಗೊಟ್ಟವನಲ್ಲ. ಎಲ್ಲಿ ನಿಂತರೂ ಬಲಗಾಲು ಆಕ್ಸಿಲೇಟರಿನ ಮೇಲೆ, ಗುರ್ ಗುರ್ ಎಂದು ಒತ್ತುತ್ತಲೇ ಇರಬೇಕು. ಗಾಡಿಗೆ ಧೈರ್ಯ ಹೇಳುವುದು ಎಂದು ಅವನು ಅದಕ್ಕೆ ಹೆಸರಿಟ್ಟಿದ್ದ. ಹೀಗಾಗಿ ತಪ್ಪು ಎಲ್ಲಿದೆ ಎಂಬುದರ ಬಗ್ಗೆ ಅವನಿಗೆ ಅನುಮಾನವೇ ಇರಲಿಲ್ಲ. ಪರೀಕ್ಷೆ ಮುಗಿದ ಸಂಜೆಯೇ ಗುಡ್ಡದ ಕೆಳಗಿನ ಚಹಾದಂಗಡಿಯಲ್ಲಿ ಹವಾಯಿ ಚಪ್ಪಲಿಯೊಂದನ್ನು ನೆಲಕ್ಕಿಟ್ಟು, ಅದನ್ನೇ ಕ್ಲಚ್ ಮಾಡಿ, ಭಾಗವ್ವನ ಎಡಗಾಲು ಎಲ್ಲಿ ಎಡವುತ್ತದೆ ಎಂದು ಹನ್ನೊಂದು ಮಂದಿಗೆ ತೋರಿಸಿಕೊಟ್ಟ. ಮರುದಿನ ನೀರು ತರಲು ಹೋದರೆ ನಳದ ಹತ್ತಿರ ನಿಂತ ಹೆಂಗಸರೂ ಅವಳ ಕಾಲನ್ನೇ ನೋಡಿದರು. ಪಾಳಿಗೆ ಜೊತೆ ಬರುತ್ತೇವೆಂದಿದ್ದ ಇಬ್ಬರು, ನಾವು ಹ್ಯಾಂಗರ ನಡ್ಕೋತ ಬರ್ತೇವ ಬಿಡ್ರಿ ಎಂದುಬಿಟ್ಟರು.

ಲೈಸೆನ್ಸು ಸಿಗದಿದ್ದರೆ ಪಾಳಿ ಹೋಗುತ್ತದೆ, ಅದು ಗೊತ್ತಿದ್ದದ್ದೇ. ಆದರೆ ಈ ಕಾಲಿನ ಮಾತು ಅವಳಿಗೆ ಹೆಚ್ಚು ಚುಚ್ಚಿತು. ತೊಟ್ಟಿಲು ತೂಗಿದ ಕಾಲು ಅದು.

ಕಾರಿಗೆ ಔಷಧವೇ ನಡೆಯುತ್ತಿರಲಿಲ್ಲ ಎನ್ನುವಂತಿಲ್ಲ. ಕಂಠೆಪ್ಪ ತಿಂಗಳು ತಪ್ಪದೆ ಅಮಾವಾಸ್ಯೆಗೆ ನಿಂಬೆಹಣ್ಣು, ಮೆಣಸಿನಕಾಯಿ ಕಟ್ಟುತ್ತಿದ್ದ. ಮೊದಲು ಎಲ್ಲರಂತೆ ಮುಂದಿನ ಬಂಪರಿಗೇ ಕಟ್ಟಿದ್ದ, ನೂಲಿನಲ್ಲಿ. ನೂರಜಹಾನಳ ಗಂಡ ಚಮನಸಾಬನ ಆಡು ಎರಡು ಅಮಾವಾಸ್ಯೆ ಅದನ್ನು ಮೆಣಸಿನಕಾಯಿ ಸಹಿತ ತಿಂದುಹಾಕಿತು. ಆಡಿಗೆ ಏನೂ ಆಗಲಿಲ್ಲ. ಕಂಠೆಪ್ಪನಿಗೆ ಮಾತ್ರ ತನ್ನ ಮನೆಯ ದೃಷ್ಟಿಯೆಲ್ಲ ಆಡಿನ ಹೊಟ್ಟೆ ಸೇರಿತೆಂದು ಎರಡು ದಿನ ನಿದ್ದೆ ಬರಲಿಲ್ಲ. ಆಮೇಲೆ ಬಾನೆಟ್ಟಿನೊಳಗೆ ಕಟ್ಟತೊಡಗಿದ. ಎಂಜಿನ್ನಿನ ಕಾವಿಗೆ ನೂಲು ಸುಟ್ಟು ಹಣ್ಣು ಕೆಳಗೆ ಬಿತ್ತು. ಆಗ ಸೈಟಿನಿಂದ ಬೈಂಡಿಂಗ್ ತಂತಿ ಬಂತು. ಕಟ್ಟಿದ್ದನ್ನು ಬಿಚ್ಚಿದರೆ ತೆಗೆದ ದೃಷ್ಟಿ ಮರಳಿ ಬರುತ್ತದೆ, ಆದ್ದರಿಂದ ಹಳೆಯ ತಂತಿ ಹಾಗೇ ಇರಬೇಕು. ಹಣ್ಣು ಒಣಗಿ ಉದುರಿದರೆ ಉದುರಲಿ. ಹೊಸ ಹಣ್ಣಿಗೆ ಹೊಸ ತಂತಿ, ಹಳೆಯದರ ಪಕ್ಕದಲ್ಲಿ, ಇನ್ನೊಂದಿಷ್ಟು ಬಿಗಿಯಾಗಿ. ಪರೀಕ್ಷೆ ಫೇಲಾದ ಮೇಲೆ ಅಮಾವಾಸ್ಯೆಯವರೆಗೂ ಕಾಯದೆ ಶನಿವಾರಕ್ಕೊಂದು ಕಟ್ಟಿದ. ನಡುಕ ಹೆಚ್ಚಾಯಿತು. ದೃಷ್ಟಿ ಭಾಳ ದೊಡ್ಡದೈತಿ ಎಂದು ಮುಂದಿನ ಶನಿವಾರಕ್ಕೆ ದೊಡ್ಡ ಹಣ್ಣು ತರಿಸಿದ. ತಂದವಳು ಭಾಗವ್ವನೇ.

ಔಷಧದ ಜೊತೆ ವೈದ್ಯರೂ ಇದ್ದರು. ಮೊದಲನೆಯವನು ಗುರುಲಿಂಗ. ಕಂಠೆಪ್ಪನ ಚಿಕ್ಕಪ್ಪನ ಮಗ, ಮುರ್ಮುಗಾಂವ್ ಬಂದರಿಗೆ ಅದಿರು ಸಾಗಿಸುವ ಟಿಪ್ಪರಿನ ಡ್ರೈವರು. ಹತ್ತು ಗಾಲಿಯ ಗಾಡಿ ಓಡಿಸುವವನಿಗೆ ನಾಲ್ಕು ಗಾಲಿಯದು ಯಾವ ಲೆಕ್ಕ. ಎರಡನೆಯವನು ಚಮನಸಾಬ. ಗುಜರಿ ವ್ಯಾಪಾರಿ. ಒಳ್ಳೆಯ ಮನುಷ್ಯ, ಆದರೆ ಏನನ್ನು ನೋಡಿದರೂ ಕಿಲೋದಲ್ಲಿ ನೋಡುವ ಕಣ್ಣು. ಅವನು ಕಾರಿನ ಸುತ್ತ ಒಂದು ಸುತ್ತು ಬಂದನೆಂದರೆ ಭಾಗವ್ವನಿಗೆ ರೋಗಿಯ ಮನೆಗೆ ಚಟ್ಟ ಕಟ್ಟುವವನು ಬಂದಂತೆ ಕಾಣುತ್ತಿತ್ತು.

ಒಂದನೆಯ ರವಿವಾರ ಗುರುಲಿಂಗ ಪ್ಲಗ್ ಬಿಚ್ಚಿ ಮರಳು ಕಾಗದದಿಂದ ತಿಕ್ಕಿದ. ನಡುಕ ಹೋಗಲಿಲ್ಲ. ಎರಡನೆಯ ರವಿವಾರ ಗಾಳಿಯ ಫಿಲ್ಟರನ್ನು ತೆಗೆದು ಸೋಪಿನ ನೀರಿನಲ್ಲಿ ನೆನೆಸಿ ಭಾಗವ್ವನ ಹಗ್ಗದ ಮೇಲೆ ಒಣಹಾಕಿದ. ಅದು ಕಾಗದದ್ದು, ರೊಟ್ಟಿಯ ಹಾಗೆ ಮುದುಡಿತು. ಹೊಸದು ತರಬೇಕಾಯಿತು. ನಡುಕ ಹೋಗಲಿಲ್ಲ. ಪೆಟ್ರೋಲಿನಲ್ಲಿ ಸೀಮೆಎಣ್ಣೆ ಬೆರೆತಿದೆ ಎಂದ, ಟ್ಯಾಂಕು ಖಾಲಿ ಮಾಡಿಸಿದ. ನಡುಕ ಅಲ್ಲೇ ಇತ್ತು. ಇಷ್ಟೆಲ್ಲ ಆಗುವಾಗ ಬಾನೆಟ್ಟಿನೊಳಗೆ ಹಸಿರು ನಿಂಬೆಹಣ್ಣು ಎಲ್ಲರ ಕಣ್ಣೆದುರಿಗೇ ತೂಗುತ್ತಿತ್ತು. ಒಬ್ಬರೂ ಅತ್ತ ಕೈ ಹಾಕಲಿಲ್ಲ. ದೃಷ್ಟಿಗೆ ಕಟ್ಟಿದ್ದನ್ನು ಮುಟ್ಟಿದರೆ ದೃಷ್ಟಿ ಮುಟ್ಟಿದವನಿಗೇ ಎಂದು ಗುರುಲಿಂಗನಿಗೆ ಗೊತ್ತು. ಚಮನಸಾಬ ಅದನ್ನೆಲ್ಲ ನಂಬುವುದಿಲ್ಲ, ಆದರೂ ಗುಜರಿಯವನು, ಯಾಕೆ ಬೇಕು ಎಂದು ಅವನೂ ಕೈ ಸುತ್ತಿ ಬಳಸಿಯೇ ಆಚೆಯ ನಟ್ಟು ಮುಟ್ಟುತ್ತಿದ್ದ.

ಎರಡನೆಯ ಪರೀಕ್ಷೆ ಮಂಗಳವಾರಕ್ಕಿತ್ತು. ಅದರ ಹಿಂದಿನ ರವಿವಾರ ಮೂವರೂ ಬಾನೆಟ್ಟಿನೊಳಗೆ ತಲೆ ತೂರಿಸಿ ಕಾರ್ಬುರೇಟರ್ ಹುಡುಕುತ್ತಿದ್ದರು. ಅರ್ಧ ತಾಸಾಯಿತು, ಸಿಗಲಿಲ್ಲ. ಈ ಕಾರಿಗೆ ಅದು ಇರಲೇ ಇಲ್ಲ, ಇಂಜೆಕ್ಟರಿನ ಕಾರದು. ಗುರುಲಿಂಗನ ತೀರ್ಮಾನ ಬೇರೆಯಿತ್ತು. ಕೆಪೆಯ ಮಾಸ್ತರ ಅದನ್ನು ಬಿಚ್ಚಿ ಮಾರಿಕೊಂಡಿರಬೇಕು ಎಂದ. ಕಂಠೆಪ್ಪನಿಗೆ ಖರೆ ಅನ್ನಿಸಿತು.

ಎಂಜಿನ್ ಚಾಲೂ ಇತ್ತು. ಭಾಗವ್ವ ಚಹಾ ತಂದು ಅವರ ಹಿಂದೆ ನಿಂತಳು. ಹಿಟ್ಟು ನಾದುವಾಗ, ಬಟ್ಟೆ ಹಿಂಡುವಾಗ, ಮಗಳಿಗೆ ಪಾಠ ಹೇಳಿಸುವಾಗ ಎಷ್ಟೇ ಗದ್ದಲವಿದ್ದರೂ ಕುಕ್ಕರಿನ ಗ್ಯಾಸ್ಕೆಟ್ ಸೋರಿದರೆ ಅವಳಿಗೆ ಕೇಳುತ್ತಿತ್ತು. ಈಗಲೂ ಹಾಗೇ ಏನೋ ಕೇಳಿತು. ಎಂಜಿನ್ನಿನ ಗಡಗಡದ ಒಳಗೆ ಇನ್ನೊಂದು ಸಣ್ಣ ಸಪ್ಪಳ. ಸುಸ್ ಎಂದು, ಬಿಡದೆ. ಅಷ್ಟರಲ್ಲಿ ತಲೆಯ ಮೇಲೆ ವಿಮಾನವೊಂದು ಇಳಿದು ಹೋಯಿತು. ಅದರ ಸದ್ದು ಅಡಗುವವರೆಗೆ ಕಾದು ಮತ್ತೆ ಕಿವಿಗೊಟ್ಟಳು. ಸುಸ್.

ಒಳಗ ಏನೋ ಸುಸ್ ಅನ್ನಾಕತ್ತೇತಿ ಎಂದಳು.

"ವೈನಿ, ಸ್ವಲ್ಪ ದೂರ ನಿಂದರ್ರಿ" ಎಂದ ಗುರುಲಿಂಗ, ತಲೆ ಎತ್ತದೆ. "ಇದು ಎಂಜಿನ್ ಐತಿ, ಮಿಕ್ಸರ್ ಅಲ್ಲ."

"ಹೌದ್ರಿ. ಮಿಕ್ಸರ್ ಆಗಿದ್ರ ಮೊದಲನೇ ರವಿವಾರನ ರಿಪೇರಿ ಆಗ್ತಿತ್ತು" ಎಂದು ಭಾಗವ್ವ ಚಹಾದ ತಟ್ಟೆಯನ್ನು ಕಲ್ಲಿನ ಮೇಲಿಟ್ಟಳು.

ಚಮನಸಾಬ ನಕ್ಕ. ಕಂಠೆಪ್ಪ ನಗಲಿಲ್ಲ. ಎಂಜಿನ್ನಿಗೆ ಮನುಷ್ಯರ ಹಾಗೆ ಉಸಿರು ಇರುತ್ತದೆ, ಸಪ್ಪಳ ಬರುವುದೇ, ಸಪ್ಪಳಕ್ಕಿಂತ ನೀ ನಿನ್ನ ಕಾಲಿನ ಮ್ಯಾಲ ಲಕ್ಷ್ಯ ಇಡು ಎಂದು ಬುದ್ಧಿ ಹೇಳಿದ. ಆಮೇಲೆ ಮೂವರೂ ಎಂಜಿನ್ ಆರಿಸಿ, ಬಾದಾಮಿ ಗಿಡದ ನೆರಳಿಗೆ ಊಟಕ್ಕೆ ಹೋದರು. ನಡುಕದ ಮೂಲ ಗೇರ್ ಬಾಕ್ಸಿನಲ್ಲಿರಬಹುದೇ ಎಂಬ ಚರ್ಚೆ ರೊಟ್ಟಿಯ ಜೊತೆ ಶುರುವಾಯಿತು.

ಭಾಗವ್ವ ಅವರಿಗೆ ಬಡಿಸಿ, ನೂರಜಹಾನಳನ್ನು ಕರೆದುಕೊಂಡು ಕಾರಿನ ಹತ್ತಿರ ಬಂದಳು. ಒಂದು ಕೈಯಲ್ಲಿ ಪಾತ್ರೆ ತೊಳೆಯುವ ಸೋಪಿನ ನೊರೆ ತುಂಬಿದ ಬಟ್ಟಲು, ಇನ್ನೊಂದರಲ್ಲಿ ಉದ್ದ ಹಿಡಿಕೆಯ ಚಮಚ. ಗ್ಯಾಸ್ ಸಿಲಿಂಡರ್ ತರುವವನು ಪೈಪಿಗೆ ಸೋಪಿನ ನೊರೆ ಸವರಿ ಎಲ್ಲಿ ಸೋರುತ್ತದೆಂದು ನೋಡುವುದನ್ನು ಅವಳು ಎಷ್ಟೋ ಸಲ ನೋಡಿದ್ದಳು. ನೂರಜಹಾನ ಡ್ರೈವರ್ ಸೀಟಿನಲ್ಲಿ ಕುಳಿತು ಚಾವಿ ತಿರುಗಿಸಿದಳು. ನಿನ್ನ ಕೆಲಸ ಇಷ್ಟೇ, ಮುಳ್ಳು ಯಾವಾಗ ಅಲುಗದೆ ನಿಲ್ಲುತ್ತದೋ ಆಗ ಕೂಗು ಎಂದು ಭಾಗವ್ವ ಹೇಳಿದ್ದಳು. ಕಾಲು ಯಾವುದರ ಮೇಲೂ ಇಡಬೇಡ.

ದಪ್ಪ ಪೈಪಿಗೆ ನೊರೆ ಹಾಕಿದಳು, ಏನೂ ಆಗಲಿಲ್ಲ. ಅದರ ಬುಡಕ್ಕೆ ಹಾಕಿದಳು, ಏನೂ ಆಗಲಿಲ್ಲ. ಸುಸ್ ಎನ್ನುವುದು ಎಡಗಡೆಯಿಂದ, ನಿಂಬೆಹಣ್ಣು ತೂಗುವ ಕಡೆಯಿಂದ ಬರುತ್ತಿತ್ತು. ಅಲ್ಲಿ ಕಿರುಬೆರಳಿನಷ್ಟು ತೆಳ್ಳನೆಯ ಕರಿ ರಬ್ಬರ್ ಕೊಳವೆಯೊಂದು ಎಂಜಿನ್ನಿನ ಹೊಟ್ಟೆಗೆ ಹೋಗಿತ್ತು. ಸುತ್ತ ಎಲ್ಲವೂ ದಪ್ಪ, ಎಲ್ಲವೂ ಸುಡುವಂಥದ್ದು. ಹಣ್ಣು ಕಟ್ಟಲು ಕೈಗೆ ಸುಲಭವಾಗಿ ಸಿಗುವಂಥದ್ದು ಅದೊಂದೇ. ಅದಕ್ಕೇ ಕಟ್ಟಿತ್ತು. ಒಂದರ ಪಕ್ಕ ಒಂದು, ಏಳು ತಂತಿ.

"ಅಕ್ಕಾ, ಅದನ್ನ ಮುಟ್ಟಬ್ಯಾಡ್ರಿ" ಎಂದಳು ನೂರಜಹಾನ, ಸೀಟಿನಿಂದಲೇ.

ವಿಮಾನ ನಿಲ್ದಾಣದಲ್ಲಿ ದಿನಕ್ಕೆ ಇಪ್ಪತ್ತು ಪಾಯಿಖಾನೆ ತೊಳೆಯುವ ಕೈ ಅದು. ಮುಟ್ಟಬಾರದ್ದು ಎಂಬುದು ಆ ಕೈಗೆ ಉಳಿದಿರಲಿಲ್ಲ. ಭಾಗವ್ವ ಹಣ್ಣನ್ನು ಎತ್ತಿ ಹಿಡಿದು ಅದರಡಿಯ ಕೊಳವೆಗೆ ಒಂದು ಚಮಚ ನೊರೆ ಬಿಟ್ಟಳು.

ಗ್ಯಾಸಿನ ಪೈಪಾದರೆ ನೊರೆ ಉಬ್ಬುತ್ತದೆ. ಇಲ್ಲಿ ಉಬ್ಬಲಿಲ್ಲ. ಕೊಳವೆ ಅದನ್ನು ಸರ್ರನೆ ಒಳಕ್ಕೆ ಎಳೆದುಕೊಂಡಿತು, ಆ ಒಂದು ಗಳಿಗೆ ಎಂಜಿನ್ ಅಳುವ ಕೂಸಿನ ಬಾಯಿಗೆ ಮೊಲೆ ಕೊಟ್ಟಂತೆ ಸುಮ್ಮನಾಯಿತು. ನೂರಜಹಾನ ಕೂಗಿದಳು. ಮತ್ತೆ ನಡುಕ. ಭಾಗವ್ವ ಚಮಚ ಬಿಟ್ಟು ಬೆರಳನ್ನೇ ಒತ್ತಿ ಹಿಡಿದಳು. ಎಂಜಿನ್ ಸುಮ್ಮನಾಯಿತು, ಸುಮ್ಮನೇ ಇತ್ತು. ಕನ್ನಡಿಯಲ್ಲಿ ಜಪಮಾಲೆ ನಿಂತಿತು, ಎಲ್ಲಮ್ಮನೂ ನಿಂತಳು. ಬೆರಳು ತೆಗೆದಳು, ಇಬ್ಬರೂ ಕುಣಿದರು. ಇಟ್ಟಳು, ನಿಂತರು. ಹೀಗೆ ನಾಕೈದು ಸಲ ಮಾಡಿದಳು. ಬೇಕಾಗಿರಲಿಲ್ಲ, ಆದರೂ ಮಾಡಿದಳು.

ಸೋರುವುದಲ್ಲ, ಸೇದುವುದು. ಬೇಡದ ಗಾಳಿ ಆ ಬಿರುಕಿನಿಂದ ಒಳಗೆ ನುಗ್ಗುತ್ತಿತ್ತು. ಓಡುವಾಗ ಎಂಜಿನ್ನಿನದು ದೊಡ್ಡ ಉಸಿರು, ಇಷ್ಟು ಸಣ್ಣ ತೂತು ಲೆಕ್ಕಕ್ಕಿಲ್ಲ. ನಿಂತಾಗ ಸಣ್ಣ ಉಸಿರು, ಆಗ ತೂತೇ ದೊಡ್ಡದು. ಆಕ್ಸಿಲೇಟರ್ ಒತ್ತುತ್ತಲೇ ಇರುವವನಿಗೆ ಇದು ಏಳು ಜನ್ಮಕ್ಕೂ ಗೊತ್ತಾಗುವುದಿಲ್ಲ. ರೀತಿ ಪ್ರಕಾರ ಬ್ರೇಕಿನ ಮೇಲೆ ಕಾಲಿಟ್ಟು ಸುಮ್ಮನೆ ನಿಲ್ಲಿಸಿದವಳಿಗೆ ಬಂದ್ ಬೀಳುತ್ತದೆ.

ಎಂಜಿನ್ ಆರಿಸಿ, ಕಾವು ಇಳಿಯಲು ಬಿಟ್ಟು, ಭಾಗವ್ವ ಒಳಗಿನಿಂದ ಕಂಠೆಪ್ಪನ ಸರಳು ಕಟ್ಟುವ ಕೊಂಡಿಯನ್ನೇ ತಂದಳು. ತಂತಿಯ ಒಂದು ಗಂಟು ಬಿಚ್ಚಲು ನೋಡಿದಳು. ಬರಲಿಲ್ಲ. ಅವನು ಹೇಳುತ್ತಿದ್ದ ಮಾತು ಖರೆ. ಕೊನೆಗೆ ಗಂಟುಗಳನ್ನು ಹಾಗೇ ಬಿಟ್ಟು ಕೊಳವೆಯನ್ನೇ ಎರಡೂ ತುದಿಯಿಂದ ಜಗ್ಗಿ ತೆಗೆದಳು. ನಿಂಬೆಹಣ್ಣು ಸಮೇತ ಬಂತು. ತಂತಿಯ ಕೆಳಗೆ ರಬ್ಬರು ಬೇಸಿಗೆಯ ಹಿಮ್ಮಡಿಯ ಹಾಗೆ ಸೀಳಿತ್ತು. ನೂರಜಹಾನ ಗಂಡನ ಗುಜರಿಯ ರಾಶಿಯಲ್ಲಿ ಕೈಯಾಡಿಸಿ, ಅದೇ ಗಾತ್ರದ ಗಟ್ಟಿ ಕೊಳವೆಯೊಂದನ್ನು ಹುಡುಕಿ ತಂದಳು. ಯಾವುದೋ ಅಪಘಾತದ ಕಾರಿನದು. ತುದಿಗಳನ್ನು ಬಿಸಿ ನೀರಿನಲ್ಲಿ ಅದ್ದಿ ಮೆತ್ತಗೆ ಮಾಡಿ, ಒತ್ತಿ ಕೂರಿಸಿದ್ದಾಯಿತು. ಇಷ್ಟೂ ಆಗುವಷ್ಟರಲ್ಲಿ ಬಾದಾಮಿ ಗಿಡದ ಕೆಳಗೆ ಮೂವರೂ ಎರಡನೆಯ ಸಲ ಅನ್ನ ಹಾಕಿಸಿಕೊಂಡು, ಗೇರ್ ಬಾಕ್ಸೇ ಖರೆ ಎಂಬ ನಿರ್ಣಯಕ್ಕೆ ಬಂದಿದ್ದರು.

ಭಾಗವ್ವ ಚಾವಿ ತಿರುಗಿಸಿದಳು. ಕಾರು ನಿಂತೇ ಇತ್ತು, ಎಂಜಿನ್ ನಡೆಯುತ್ತಿತ್ತು, ಎರಡೂ ಒಟ್ಟಿಗೆ ಆಗಬಹುದೆಂದು ಆ ಚಾಳು ಮರೆತೇಬಿಟ್ಟಿತ್ತು. ಮೂವರೂ ಕೈಯನ್ನೂ ತೊಳೆಯದೆ ಎದ್ದು ಬಂದರು.

ತಾನು ತಿಕ್ಕಿದ ಪ್ಲಗ್ಗುಗಳು ಈಗ ಕುಂತವು, ಕೂರಲು ಎರಡು ವಾರ ಬೇಕೇ ಬೇಕು ಎಂದ ಗುರುಲಿಂಗ. ಕಂಠೆಪ್ಪ ತಲೆಯಲ್ಲಾಡಿಸಿ, ಪ್ಲಗ್ಗಲ್ಲ, ನಿನ್ನೆ ಕಟ್ಟಿದ ದೊಡ್ಡ ಹಣ್ಣು, ಅದಕ್ಕೆ ಇಪ್ಪತ್ನಾಕು ತಾಸು ಹಿಡಿಯುತ್ತದೆ ಎಂದ. ಚಮನಸಾಬ ಆರುನೂರು ಕಿಲೋ ಕೈತಪ್ಪಿದ ದುಃಖದಲ್ಲಿ ಕಾರನ್ನು ನೋಡಿದ.

ಭಾಗವ್ವ ಹಳೆಯ ಕೊಳವೆಯನ್ನು ತಂದು, ಅವರು ಚಹಾ ಕುಡಿದಿಟ್ಟ ಕಲ್ಲಿನ ಮೇಲೆ ಮಲಗಿಸಿದಳು. ಏಳು ತಂತಿ, ಒಂದು ಹಣ್ಣು, ಒಂದು ಸೀಳು. ಎಲ್ಲಿತ್ತು, ಏನು ಮಾಡುತ್ತಿತ್ತು ಎಂದು ಎರಡು ಮಾತಿನಲ್ಲಿ ಹೇಳಿದಳು.

ಗುರುಲಿಂಗ ಬಾಗಿ ನೋಡಿದ. ಟಿಪ್ಪರಿಗೆ ಹೋಗುವ ಮೊದಲು ಅವನೂ ನಾಲ್ಕು ವರ್ಷ ಸರಳು ಕಟ್ಟಿದವನೇ. ಎರಡು ಸುತ್ತು, ಒಂದು ಮಡಿಕೆ, ಮೂರು ತಿರುವು. ಬೆಕ್ಕಿನ ಬಾಲ. ಅವನ ಕಣ್ಣು ಬಾಲದ ಮೇಲೆ ನಿಂತು, ಕಂಠೆಪ್ಪನ ಕಡೆ ಹೋಗಿ, ಅಲ್ಲಿ ನಿಲ್ಲಲಾಗದೆ ಆಡಿನ ಕಡೆ ತಿರುಗಿತು. ಇನ್ನೊಂದು ವಿಮಾನ ಇಳಿದು ಹೋಯಿತು.

"ಇದು ಹಿಂದಿನ ಮಾಲೀಕ ಕಟ್ಟಿದ್ದಿರಬೇಕು" ಎಂದ ಕಂಠೆಪ್ಪ.

ಹಣ್ಣಿನಿಂದ ಇನ್ನೂ ರಸ ಒಸರುತ್ತಿತ್ತು.

"ಕೆಪೆದ ಮಾಸ್ತರರೇನ್ರಿ?" ಎಂದಳು ಭಾಗವ್ವ ಮೆಲ್ಲಗೆ. "ಜಪಮಾಲಿ ಹಾಕಿದ್ರಲ್ಲ, ಅವರು?"

"ಯಾರ ಮನಸ್ಸಿನಾಗ ಏನಿರತೈತಿ ಅಂತ ಹ್ಯಾಂಗ ಹೇಳೂದು ವೈನಿ" ಎಂದ ಗುರುಲಿಂಗ, ಬಹಳ ಗಂಭೀರವಾಗಿ. ಚಮನಸಾಬ ಹೌದೆಂದು ತಲೆಯಾಡಿಸಿದ. ಮೊದಲು ಕಾರ್ಬುರೇಟರ್ ಮಾರಿಕೊಂಡವನು, ಈಗ ಲಿಂಬಿಹಣ್ಣನ್ನೂ ಕಟ್ಟಿ ಹೋದನಲ್ಲ ಎಂದು ಮೂವರೂ ಆ ಮುದುಕನ ಬಗ್ಗೆ ಮರುಗಿದರು. ಕೊಳವೆಯನ್ನು ಎತ್ತಿ ರಾಶಿಗೆ ಎಸೆಯಲು ಕಂಠೆಪ್ಪ ಕೈ ಚಾಚಿದ. ಅಷ್ಟರಲ್ಲಿ ಭಾಗವ್ವ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ಹೋಗಿದ್ದಳು. ಪಾತ್ರೆ ತೊಳೆಯುವುದು ಬಾಕಿ ಇತ್ತು.

ಮಂಗಳವಾರ ಅದೇ ಇನ್ಸ್‌ಪೆಕ್ಟರ್. ಕಾರನ್ನು ಗುರುತು ಹಿಡಿದ. ಭಾಗವ್ವ ಸೀಟು ಮುಂದಕ್ಕೆ ಎಳೆದುಕೊಳ್ಳುತ್ತ, ಕನ್ನಡಿ ಸರಿಪಡಿಸಿಕೊಳ್ಳುತ್ತಿದ್ದಳು. ಹೊರಗೆ ನಿಂತಿದ್ದ ಕಂಠೆಪ್ಪನನ್ನು ಅವನು, ಈ ಸಲ ಹೆಂಡತಿಗೆ ಕಾಲು ಸರಿ ಕಲಿಸಿದೆಯಾ ಎಂದು ನಗುತ್ತ ಕೇಳಿದ. ಕಳೆದ ಸಲ ಕಾಲಿನ ಮಾತನ್ನು ಅವನ ತಲೆಗೆ ತುಂಬಿದವನೂ ಕಂಠೆಪ್ಪನೇ.

ಕಂಠೆಪ್ಪನ ಹಿಂದಿಯಲ್ಲಿ ಅರ್ಧ ಕನ್ನಡ, ಕಾಲು ಕೊಂಕಣಿ. ತೆರೆದ ಕಿಟಕಿಯಿಂದ ಭಾಗವ್ವನಿಗೆ ಎಲ್ಲ ಕೇಳಿತು.

"ಕಾಲಿಂದಲ್ಲ ಸಾಬ್, ಗಾಡೀದು" ಎಂದ ಅವನು. ದನಿ ತಗ್ಗಿಸಿ ಮತ್ತೆ ಹೇಳಿದ. "ಗಾಡೀದೂ ಅಲ್ಲ. ನಂದು."

ಇನ್ಸ್‌ಪೆಕ್ಟರ್ ಕಾಗದ ತಿರುವುತ್ತ, ಹಾಂ ಹಾಂ, ಬ್ಯಾಟರಿ ನೋಡಿಸು ಎಂದು ಒಳಗೆ ಬಂದು ಕುಳಿತ.

ಏರಿನಲ್ಲಿ ಭಾಗವ್ವ ನಿಲ್ಲಿಸಿದಳು. ಬ್ರೇಕಿನ ಮೇಲೆ ಬಲಗಾಲು, ಕ್ಲಚ್ಚಿನ ಮೇಲೆ ಎಡಗಾಲು. ಎಂಜಿನ್ ಮಲಗಿದ ಮಗುವಿನ ಹಾಗೆ ಉಸಿರಾಡುತ್ತಿತ್ತು. ಜಪಮಾಲೆ ಅಲುಗಲಿಲ್ಲ. ತೊಟ್ಟಿಲು ತೂಗಿದ ಕಾಲನ್ನು ಅವಳು ಮೆಲ್ಲಗೆ ಬಿಟ್ಟಳು. ಕಾರು ಏರಿತು. ಇನ್ಸ್‌ಪೆಕ್ಟರ್ ಕಾಗದದ ಮೇಲೆ ಈ ಸಲ ಬೇರೆ ಗುರುತು ಹಾಕಿದ.

ಸಂಜೆ ಕಂಠೆಪ್ಪ ಚಹಾದಂಗಡಿಗೆ ಹೋದ. ಭಾಗವ್ವ ಹಾಲು ತರಲು ಹೋದವಳು ಗೋಡೆಯ ಈಚೆ ನಿಂತು ಕೇಳಿದಳು. ಕಡೆಯ ಹಣ್ಣು ಎಷ್ಟು ದೊಡ್ಡದಿತ್ತೆಂದು ಅವನು ಎರಡೂ ಕೈಯಿಂದ ತೋರಿಸುತ್ತಿದ್ದ. ತೆಂಗಿನಕಾಯಿಯಷ್ಟಾಗಿತ್ತು. ಕೊಳವೆಯ ಮಾತಿಲ್ಲ. ಕಾಲಿನ ಮಾತೂ ಬಂತು: ಆಕಿಗೆ ಈಗ ಕಾಲು ಸುಧಾರಿಸೇತಿ, ನಾನ ಹೇಳಿಕೊಟ್ಟೆ. ಒಪ್ಪಿಕೊಂಡದ್ದು ಖರೆ, ಆದರೆ ಗುಡ್ಡ ಹತ್ತಿ ಎಂದೂ ಬಾರದ ಮನುಷ್ಯನ ಮುಂದೆ ಒಪ್ಪಿಕೊಂಡಿದ್ದ. ಭಾಗವ್ವನಿಗೆ ಸಿಟ್ಟು ಬರಬೇಕಿತ್ತು. ಅವನು ನಂದು ಎಂದು ದನಿ ತಗ್ಗಿಸಿದ ರೀತಿ ನೆನಪಾಗಿ ಅರ್ಧ ಸಿಟ್ಟು ಹೋಯಿತು. ಉಳಿದರ್ಧವನ್ನು ಹಾಲಿನ ಜೊತೆ ಮನೆಗೆ ತಂದಳು.

ಮನೆಗೆ ಬಂದು ಸುತ್ತಿಗೆ, ಮೊಳೆ ತೆಗೆದಳು. ಬಾಗಿಲ ಚೌಕಟ್ಟಿನ ನಟ್ಟನಡುವೆ, ತೋರಣ ಕಟ್ಟುವ ಜಾಗದಲ್ಲಿ, ಸೀಳಿದ ಕೊಳವೆಯನ್ನು ತಂತಿ, ಹಣ್ಣು ಸಮೇತ ತೂಗುಹಾಕಿದಳು. ಚಾಳಿನ ಹತ್ತು ಖೋಲಿಯಲ್ಲಿ ಆರು ಸರಳು ಕಟ್ಟುವವರದೇ ಮನೆ. ಓದು ಬಾರದವರೂ ಗಂಟು ಓದಬಲ್ಲರು. ಕಂಠೆಪ್ಪ ಬಂದ, ತಲೆ ಎತ್ತಿ ನೋಡಿದ, ಬಾಯಿ ತೆರೆದ. ಊಟಕ್ಕ ಬರ್ರಿ ಎಂದಳು ಭಾಗವ್ವ. ಬಾಯಿ ಊಟಕ್ಕೆ ಉಪಯೋಗವಾಯಿತು.

ಆ ವಾರವೆಲ್ಲ ಜನ ಸಕ್ಕರೆ ಕೇಳಲು, ಪೇಪರ್ ಕೇಳಲು ಎಂದು ಏನೇನೋ ನೆಪದಿಂದ ಬಂದರು. ತಲೆ ಎತ್ತಿ ನೋಡಿ, ಬಾಲ ಓದಿ, ಭಾಳ ಚಲೋ ಐತಿ ಎಂದು ಹೋದರು. ಜೊತೆ ಬರುವುದಿಲ್ಲವೆಂದಿದ್ದ ಇಬ್ಬರು ಹೆಂಗಸರೂ ಬಂದು, ಒಂದನೇ ತಾರೀಖಿಗೆ ಎಷ್ಟಕ್ಕ ಹೊರಡೂದ್ರಿ ಎಂದು ಕೇಳಿದರು. ಗುರುಲಿಂಗ ಕೂಡ ಬಂದ. ಬಾಗಿಲಿಗೆ ಇದನ್ನ ಯಾಕ ಕಟ್ಟೀರಿ ವೈನಿ ಎಂದು, ಗೊತ್ತಿದ್ದೂ ಕೇಳಿದ.

"ದೃಷ್ಟಿ ಆಗಬಾರ್ದಲ್ರಿ" ಎಂದಳು ಭಾಗವ್ವ.

ಒಂದನೇ ತಾರೀಖು ನಸುಕಿನ ನಾಲ್ಕೂವರೆಗೆ ಕಾರು ಮನೆಯ ಮುಂದೆ ಸದ್ದಿಲ್ಲದಷ್ಟು ಮೆಲ್ಲಗೆ ನಡೆಯುತ್ತ ನಿಂತಿತ್ತು. ನೂರಜಹಾನ ಮುಂದೆ, ಇಬ್ಬರು ಹಿಂದೆ. ಕಂಠೆಪ್ಪ ಕಂಬಳಿ ಹೊದ್ದು ಬಾಗಿಲಿಗೆ ಬಂದು ನಿಂತ. ಅವನ ತಲೆಯ ಮೇಲೆ ಒಣಗಿ ಕಪ್ಪಾದ ನಿಂಬೆಹಣ್ಣು ತೂಗುತ್ತಿತ್ತು.

"ಭಾಗವ್ವಾ, ಎಡಗಾಲು…" ಎಂದವನು ನಿಲ್ಲಿಸಿಬಿಟ್ಟ.

"ಏನ್ರಿ?"

ಹಿಂದಿನ ಸೀಟಿನ ಇಬ್ಬರೂ ಕಿಟಕಿಯ ಗಾಜು ಇಳಿಸಿದರು.

"ಏನಿಲ್ಲ" ಎಂದ ಕಂಠೆಪ್ಪ. "ಎಡಗಾಲಿನ ಚಪ್ಪಲಿ ಹರದೈತಿ. ಸಂಜಿಗೆ ಬಂದ ಮ್ಯಾಲ ಹೊಲದು ಕೊಡ್ತೇನಿ."

"ದಾರದಾಗ ಹೊಲೀರಿ" ಎಂದು ಭಾಗವ್ವ ಗೇರ್ ಹಾಕಿದಳು.